ನಮ್ಮವರ ಮನೆಯ ವ್ಯಾನು

ಮೊನ್ನೆ ನನ್ನ ಅಣ್ಣನ ಮಗ ರಾಘು ಹಳೆಯ ವ್ಯಾನೊಂದನ್ನು ತಂದು ಬಾಗಿಲ ಮುಂದೆ ನಿಲ್ಲಿಸಿದ. 'ನೋಡಲಿಕ್ಕೆ ಕೊಟ್ಟಾರ ಅತ್ತಿ. ಮನಿ ಮಂದಿ ಎಲ್ಲಾ ಆರಾಮಾಗಿ ಕೂಡಬಹುದು' ಎನ್ನುತ್ತ ಅದರ ಬಾಗಿಲು ಸರಿಸಿದ. ಒಳಗಿನಿಂದ ಊದುಬತ್ತಿಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ನನ್ನ ಪಿತ್ತ ನೆತ್ತಿಗೇರಿತು. ನೀವೇ ಹೇಳ್ರಿ, ಗಾಡಿಯೇನು ದೇವರ ಕೋಣೆಯೇ? ಅಷ್ಟು ಊದುಬತ್ತಿ ಹಚ್ಚಿದ್ದಾರೆಂದರೆ ಅದರ ಅಡಿಯಲ್ಲಿ ಇನ್ನೊಂದು ವಾಸನೆ ಇದ್ದೇ ಇರುತ್ತದೆ. 'ಯಾರದದು?' ಎಂದೆ. 'ನಮ್ಮವರದೇ ಅತ್ತಿ' ಎಂದ. ನಮ್ಮವರಂತೆ! ಈ ಮಾತು ಕೇಳಿದರೆ ಇಂದಿಗೂ ನನ್ನ ಮೈಯೆಲ್ಲ ಉರಿಯುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಆಂಧ್ರದ ಆದೋನಿಯಲ್ಲಿ ನಮ್ಮದು ತುಂಬಿದ ಮನೆ. ಗುರುವಾರ ಬಂತೆಂದರೆ ಎಲ್ಲರೂ ಮಂತ್ರಾಲಯಕ್ಕೆ ಹೊರಡುವವರೇ. ಬಸ್ಸಿನ ಬೀಡಿ ಹೊಗೆಗೆ ಅಜ್ಜಿಯ ಮಡಿ ದಾರಿಯಲ್ಲೇ ಕೆಡುತ್ತಿತ್ತು, ಅಜ್ಜಿಯ ಬೈಗುಳಕ್ಕೆ ನಮ್ಮ ಕಿವಿ. ಅಪ್ಪ ಒಂದು ವ್ಯಾನು ತರಬೇಕೆಂದು ಹಟ ಹಿಡಿದರು. ನನಗೂ ಖುಷಿಯೇ. ನಾನು ಟೀಚರ್ ಟ್ರೈನಿಂಗ್ ಮುಗಿಸಿ ಕೂತಿದ್ದೆ. ಕನ್ನಡ ಶಾಲೆಯ ಕೆಲಸಕ್ಕೆ ಕರ್ನೂಲಿನಲ್ಲಿ ಇಂಟರ್‌ವ್ಯೂ ಬಂದಿತ್ತು. ನಮ್ಮ ಕಡೆ ಕನ್ನಡದ ಹುದ್ದೆ ಹುಟ್ಟುವುದೇ ಅಪರೂಪ, ಇದು ತಪ್ಪಿದರೆ ಇನ್ನೊಂದು ಸಿಗುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. 'ನಮ್ಮ ಗಾಡ್ಯಾಗೇ ರಾಣಿಹಂಗ ಹೋಗೀವಂತ' ಎಂದಿದ್ದರು ಅಪ್ಪ.

ಅಪ್ಪ ಸಂತೆಯಲ್ಲಿ ಒಂದೊಂದು ಬದನೆಕಾಯಿಯನ್ನೂ ತಿರುವಿ ತಿರುವಿ ಹುಳುಕು ಹುಡುಕುವ ಮನುಷ್ಯ. ವ್ಯಾನಿಗೆ ಮಾತ್ರ ಪಂಚಾಂಗ ನೋಡಿದರು! ವಾರ ಒಳ್ಳೆಯದು, ನಕ್ಷತ್ರ ಒಳ್ಳೆಯದು, ನಂಬರಿನ ಅಂಕಿ ಕೂಡಿಸಿದರೆ ಅದೂ ಒಳ್ಳೆಯದು. ಮಾರುವವನು ಅಮ್ಮನ ದೊಡ್ಡಪ್ಪನ ಮಗ ವೆಂಕಣ್ಣ ಮಾವ. ಮಂತ್ರಾಲಯದಲ್ಲಿ ಲಾಡ್ಜು ಇಟ್ಟುಕೊಂಡು, ಅದೇ ವ್ಯಾನಿನಲ್ಲಿ ರೈಲು ಸ್ಟೇಷನ್ನಿನಿಂದ ಯಾತ್ರಿಕರನ್ನು ತುಂಬಿಕೊಂಡು ಬರುತ್ತಿದ್ದ. ಚಿಕ್ಕಪ್ಪ ಮೆಲ್ಲಗೆ, 'ಯಾರನ್ನಾದ್ರೂ ಮೆಕ್ಯಾನಿಕ್‌ನ ಕರ್ಕೊಂಡು ಹೋಗೂಣೇನು?' ಎಂದದ್ದಕ್ಕೆ ಅಪ್ಪ ಹರಿಹಾಯ್ದರು. 'ನಮ್ಮವರ ವಸ್ತು ಪರೀಕ್ಷಾ ಮಾಡಸ್ತೀಯಾ? ವೆಂಕಣ್ಣ ಏನು ತಿಳ್ಕೊಂಡಾನು!' ಹೆಣ್ಣು ನೋಡಲು ಹೋದಾಗ ಜಡೆ ಸ್ವಂತದ್ದೋ ಚೌಲಿಯೋ ಎಂದು ಎಳೆದು ನೋಡುವ ಮಂದಿಗೆ ಗಾಡಿಯ ಮುಂದೆ ಎಲ್ಲಿಲ್ಲದ ನಾಚಿಕೆ ಬಂದುಬಿಟ್ಟಿತ್ತು.

ಗುರುವಾರ ನಸುಕಿನ ಮೊದಲ ಬಸ್ಸಿಗೇ ಹೋದೆವು. ವ್ಯಾನು ಮಾವನ ಹಿತ್ತಲ ಚಪ್ಪರದ ಕೆಳಗೆ ಮಿಂದು ಮಡಿಯುಟ್ಟು ನಿಂತಿತ್ತು. ಕೆಳಗೆ ಎಣ್ಣೆ ಸೋರಿದೆಯೋ ಇಲ್ಲವೋ ತಿಳಿಯದಂತೆ ನೆಲವೇ ಒದ್ದೆ. ಕಾಲಡಿಗೆ ಹೊಸ ಮ್ಯಾಟು. ಒಳಗೆ ಕಟ್ಟು ಕಟ್ಟು ಊದುಬತ್ತಿ. 'ನಿಮಗಂತನೇ ಇಟ್ಟೀನಿ ಭಾವ. ನಾಕು ದಿನ ಆತು, ಕೈ ಸೈತ ಹಚ್ಚಿಲ್ಲ, ರಾಯರ ಆಣಿ' ಎಂದ ಮಾವ. ಅಮ್ಮ ಪೂಜೆಗೆಂದು ಬಾನೆಟ್ಟಿಗೆ ಕುಂಕುಮ ಹಚ್ಚಲು ಹೋಗಿ ಚಟ್ಟನೆ ಕೈ ಹಿಂದೆಗೆದಳು.

'ವೆಂಕಣ್ಣಾ, ನಾಕು ದಿನ ನಿಂತದ್ದು ಹಿಂಗ ಸುಡ್ತದೇನು?'

'ಬಿಸಲು ತಂಗೀ, ಬಿಸಲು.'

ಚಪ್ಪರದ ಕೆಳಗೆ, ಇನ್ನೂ ಹೊತ್ತು ಏರುವ ಮೊದಲು, ಬಿಸಿಲಂತೆ! ಅಪ್ಪ ಅಮ್ಮನ ಕಡೆ ಕಣ್ಣು ಕೆಕ್ಕರಿಸಿದರು. ಅಮ್ಮ ಬೆರಳ ತುದಿಯಿಂದ ಕುಂಕುಮ ಹಚ್ಚಿ ಮುಗಿಸಿದಳು. ತಣ್ಣಗಿದ್ದರೆ ಚಾಲೂ ಆಗದ ಎಂಜಿನ್ನನ್ನು ನಾವು ಬರುವ ಮೊದಲೇ ಅವನು ತಳ್ಳಿಸಿ, ಕೆಮ್ಮಿಸಿ, ಬಿಸಿ ಮಾಡಿ ಇಟ್ಟಿದ್ದ. ನಾವು ಚಕ್ರದಡಿ ನಿಂಬೆಹಣ್ಣು ಇಟ್ಟು, ಅವನ ಕಾಲಿಗೆ ನಮಸ್ಕಾರ ಮಾಡಿ ಬಂದೆವು. ಹೌದ್ರಿ, ನಮಸ್ಕಾರ ಬೇರೆ!

ಇಂಟರ್‌ವ್ಯೂ ದಿನ ನಾನು, ಅಪ್ಪ ಮತ್ತು ಡ್ರೈವರ್ ಖಾಸಿಂ ಹೊರಟೆವು. ಎಮ್ಮಿಗನೂರು ದಾಟಿದ ಮೇಲೆ ಒಂದು ಏರು. ಏರಿನ ನಡುವೆ ಗೇರು ತನ್ನಷ್ಟಕ್ಕೆ ಜಿಗಿದು ಹೊರಬಂತು. ಖಾಸಿಂ ಮತ್ತೆ ಹಾಕಿದ, ಮತ್ತೆ ಜಿಗಿಯಿತು. ಅಷ್ಟರಲ್ಲಿ ಮುಂದಿನಿಂದ ಬುಸ್ಸೆಂದು ಹಬೆ. ಇಳಿದು ನೋಡಿದರೆ ರಸ್ತೆಯ ಮೇಲೆ ಹಳದಿ ನೀರು ಹರಿಯುತ್ತಿದೆ. 'ರೇಡಿಯೇಟರ್‌ನ್ಯಾಗ ಅರಿಷಿಣ ಹಾಕ್ಯಾರ ಸ್ವಾಮಿ, ತೂತು ಮುಚ್ಚಾಕ. ಇನ್ನ ಇದು ಹೋಗಂಗಿಲ್ಲ' ಎಂದ ಖಾಸಿಂ.

ಇಷ್ಟೇ ಆಗಿದ್ದರೆ ನಾನು ವೆಂಕಣ್ಣ ಮಾವನೊಬ್ಬನನ್ನೇ ಶಪಿಸಿಕೊಂಡು ಇರುತ್ತಿದ್ದೆ. ಆದರೆ ಸ್ವಲ್ಪ ಹೊತ್ತಿಗೆ ಕರ್ನೂಲಿನ ಬಸ್ಸು ಬಂತು. ಕೈ ಮಾಡಿದೆ, ನಿಂತಿತು. ಕಂಡಕ್ಟರ್ 'ರಾ ಅಮ್ಮಾ, ತೊಂದರಗಾ' ಎಂದು ತೆಲುಗಿನಲ್ಲಿ ಅವಸರ ಮಾಡಿದ. ಸೀಟೂ ಇತ್ತು. ನಾನು ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟೂ ಆಗಿತ್ತು.

'ಇಳಿ' ಎಂದರು ಅಪ್ಪ. 'ಪೂಜಿ ಮಾಡಿದ ಗಾಡಿ ನಡು ದಾರ್ಯಾಗ ಬಿಟ್ಟು ಬಸ್ ಹತ್ತತಾರೇನು? ವೆಂಕಣ್ಣನ ಕಿವಿಗೆ ಬಿದ್ರ ಏನಂದಾನು? ಈಗ ರಿಪೇರಿ ಆಗ್ತದ. ನಾನಿಲ್ಲೇನು, ನಾನು ಮುಟ್ಟಸ್ತೀನಿ.'

ಇಳಿದೆ. ಬಸ್ಸು ಹೋಯಿತು. ಅದರ ಹಿಂದಿನ ಬಸ್ಸೂ ಹೋಯಿತು. ಅಪ್ಪ ಮರದ ನೆರಳಲ್ಲಿ ಕೂತು, ಹೊರಟಾಗ ರಾಹುಕಾಲವೇನಾದರೂ ತಾಗಿತ್ತೇ ಎಂದು ಲೆಕ್ಕ ಹಾಕುತ್ತಿದ್ದರು. ಗಾಡಿ ಹೇಗೋ ಒಂದಷ್ಟು ರಿಪೇರಿಯಾಗಿ, ಕುಂಟುತ್ತ ಕರ್ನೂಲು ಮುಟ್ಟಿದಾಗ ಕಚೇರಿಯ ಜವಾನ ಬಾಗಿಲಿಗೆ ಬೀಗ ಹಾಕುತ್ತಿದ್ದ.

ಕೆಲಸ ಬೇರೆ ಯಾರಿಗೋ ಆಯಿತು. ಮರುವರ್ಷ ನನ್ನ ಮದುವೆಯಾಯಿತು. ನಾನು ಒಂದು ದಿನವೂ ಟೀಚರ್ ಆಗಲಿಲ್ಲ. ಆ ನಡುವೆ ಒಂದು ದ್ವಾದಶಿಯ ದಿನ ವೆಂಕಣ್ಣ ಮಾವ ನಾಚಿಕೆಯಿಲ್ಲದೆ ನಮ್ಮಲ್ಲಿಗೇ ಪಾರಣೆಗೆ ಬಂದ. ಅಪ್ಪ ಮಣೆ ಹಾಕಿ ಕೂಡಿಸಿದರು. ಎಲ್ಲರ ಮುಂದೆ ಬಡಿಸುತ್ತ ಅಮ್ಮ ಕೇಳಿಯೇಬಿಟ್ಟಳು: 'ಅವತ್ತು ನಸುಕಿನ್ಯಾಗ ಎಂಜಿನ್ ಯಾರು ಬಿಸಿ ಮಾಡಿದ್ರೋ ವೆಂಕಣ್ಣಾ?' ಮಾವ ತುಟಿಯ ಮೇಲೆ ಬೆರಳಿಟ್ಟ. ಊಟದಲ್ಲಿ ಮೌನವಂತೆ! ತುಪ್ಪ ಬಂದಾಗ ಮಾತ್ರ 'ಹೂಂ ಹೂಂ' ಎಂದು ಅನ್ನದಲ್ಲಿ ಗುಣಿ ಮಾಡಿ ತೋರಿಸಿದ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು. ಕೈ ತೊಳೆದ ಮೇಲೆ ಬಾಯಿ ಬಂತು. 'ಎಲ್ಲಾ ರಾಯರ ಇಚ್ಛಾ ತಂಗೀ' ಎಂದ. ನನಗೆ ತಡೆಯಲಾಗಲಿಲ್ಲ. 'ರಾಯರಿಗೆ ಬ್ಯಾರೆ ಕೆಲಸ ಇಲ್ಲೇನು, ಗೇರ್‌ಬಾಕ್ಸ್ ಕೆಡಸ್ಕೋತ ಕೂಡ್ತಾರೇನು?' ಎಂದೆ. ಅಪ್ಪ ನನ್ನನ್ನೇ ಗದರಿದರು.

ಇಷ್ಟು ವರ್ಷ ಮಾವನನ್ನು ಬೈದೆ. ರಾಘುವಿನ ಮುಂದೆ ನಿಂತು ಇದನ್ನೆಲ್ಲ ನೆನೆಯುವಾಗ ತಿಳಿಯಿತು, ಮಾವ ಮಾರಿದ್ದು ಕೆಟ್ಟ ಗಾಡಿ, ಅಷ್ಟೆ. ಬಸ್ಸಿನಿಂದ ಇಳಿಸಿದವರು ಅಪ್ಪ. ಅಪ್ಪನ ಮೇಲೆ ಸಿಟ್ಟು ಮಾಡಬಾರದೆಂದು ಅದನ್ನೂ ಮಾವನ ತಲೆಗೇ ಕಟ್ಟಿದ್ದೆ. ಇನ್ನು ಕಟ್ಟುವುದಿಲ್ಲ.

ರಾಘುವಿಗೆ ಹೇಳಿದೆ: 'ಹೇಳದ ಕೇಳದ ಬೆಳಿಗ್ಗೆ ಅವರ ಮನಿಗೆ ಹೋಗು. ತಣ್ಣಗಿದ್ದಾಗ ಚಾಲೂ ಮಾಡಸು, ಹೊಗಿ ನೋಡು. ಮ್ಯಾಟ್ ಎತ್ತು, ಕೆಳಗ ತುಕ್ಕು ಹಿಡದದೇನು ನೋಡು. ಮಂದಿ ತುಂಬ್ಕೊಂಡು ಏರು ಹತ್ತಸು. ರೇಡಿಯೇಟರ್ ಮುಚ್ಚಳ ತಗಿ.'

'ನಮ್ಮವರು ಅತ್ತಿ, ಬ್ಯಾಸರ ಮಾಡ್ಕೊಂಡಾರು.'

'ಮಾಡ್ಕೊಳ್ಳಲಿ!'

ಅವನ ಹೆಂಡತಿ ಸುಮಾ ಹೊಸ್ತಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. ಅವಳ ಕಡೆ ತಿರುಗಿದೆ. 'ನೀ ಕೇಳಿಲ್ಲಿ. ಎಷ್ಟು ನೋಡಿ ತಂದ್ರೂ ಗಾಡಿ ಒಂದಿನ ದಾರ್ಯಾಗ ನಿಲ್ತದ. ಅವತ್ತು ನಿನಗ ಎಲ್ಲಿಗಾದ್ರೂ ಮುಟ್ಟೋದಿದ್ರ, ಮೊದಲ ಬಂದ ಬಸ್ ಹತ್ತು. ಯಾರು ಇಳಿ ಅಂದ್ರೂ ಇಳೀಬ್ಯಾಡ.'

ರಾಘು ನಕ್ಕ. 'ಬಸ್ ಯಾಕ ಅತ್ತಿ? ನಾನಿಲ್ಲೇನು?'

ಸುಮಾ ನಗಲಿಲ್ಲ. 'ಇಳಿಯೂದಿಲ್ಲ ಅತ್ತಿ' ಎಂದಳು.