ಒಗ್ಗರಣೆ ನಿಲ್ಲಿಸಿದ ಬೀದಿ

ನಮ್ಮ ಕಡೆ ನೆಲ ನಡುಗಿದರೆ ಜನ ಮೊದಲು ಬೈಯುವುದು ಕ್ವಾರಿಯವರನ್ನು. ಕೋಲಾರದ ಸುತ್ತ ಬಂಡೆಗೇನು ಬರವೇ? ಮೂರು ಊರಿಗೊಂದು ಕಲ್ಲುಕ್ವಾರಿ. ಅಲ್ಲಿ ಮದ್ದು ಸಿಡಿಸಿದರೆ ನಮ್ಮ ಅಡುಗೆಮನೆಯ ಸ್ಟೀಲ್ ಡಬ್ಬಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಅವತ್ತು ಮಧ್ಯಾಹ್ನವೂ ಹಾಗೇ ಅಂದುಕೊಂಡೆವು. ನನಗೆ ಆಫೀಸಿಗೆ ರಜೆ, ಮುದ್ದೆ ಮುರಿದು ಸಾರಿಗೆ ಅದ್ದುತ್ತಿದ್ದೆ. ನೆಲದೊಳಗೆ ಗುಡುಗಿದಂತಾಗಿ ಊಟದ ತಟ್ಟೆ ತಾನಾಗಿ ಜರುಗಿತು. ನಮ್ಮತ್ತೆ ತೆಲುಗಿನಲ್ಲಿ ಕ್ವಾರಿಯವರ ವಂಶವನ್ನೆಲ್ಲ ವಿಚಾರಿಸಿಕೊಂಡರು. ಬೀದಿಯ ಗಂಡಸರು ಬೈಕು ಹತ್ತಿ ಜಗಳಕ್ಕೆಂದೇ ಹೊರಟರು. ಕ್ವಾರಿಗೆ ಅವತ್ತು ಬೀಗ. ಕಾವಲಿನವನು ತನ್ನ ಶೀಟಿನ ಮನೆಯಿಂದ ಆಚೆ ಬಂದು ನಿಂತಿದ್ದವನು, ನೀವೇನಾದರೂ ಸಿಡಿಸಿದಿರಾ ಎಂದು ಇವರನ್ನೇ ಕೇಳಿದನಂತೆ.

ಸಾಯಂಕಾಲ ಟಿವಿಯಲ್ಲಿ ‘ಲಘು ಭೂಕಂಪ’ ಎಂದರು. ಲಘು ಅಂದರೆ ಒಂದು ಮಾತ್ರೆ, ಗುರು ಅಂದರೆ ಎರಡು ಎಂದು ಹೈಸ್ಕೂಲಿನಲ್ಲಿ ಛಂದಸ್ಸು ಓದಿದ್ದೆ. ಆ ಒಂದು ಮಾತ್ರೆಗೇ ನಮ್ಮ ಬೀದಿಯ ಕೊನೆಯ ಮನೆ ಮಲಗಿತ್ತು. ಹಳೆಯ ಮಣ್ಣಿನ ಗೋಡೆ, ಮೇಲೆ ಹೆಂಚು. ಹಿಂದಿನ ಗೋಡೆ ಪೂರ್ತಿ ಕುಸಿದು ಅಡುಗೆಮನೆ ಹಿತ್ತಿಲಾಗಿ ಹೋಗಿತ್ತು. ಮುಂದಿನ ಹಜಾರ ನಿಂತಿತ್ತು, ಆದರೆ ಗೋಡೆಯಲ್ಲಿ ಮುಷ್ಟಿ ತೂರುವಷ್ಟು ಬಿರುಕು, ಮೇಲೆ ತೊಲೆ ಒಂದು ಕಡೆಗೆ ಜಾರಿತ್ತು. ಉಳಿದ ಮನೆಗಳೆಲ್ಲ ತಾರಸಿಯವು, ಸುಣ್ಣ ಉದುರಿದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ಆ ಮನೆಯಾಕೆಯನ್ನು ಊರವರು ಹುಳದಮ್ಮ ಎನ್ನುತ್ತಿದ್ದರು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಾಳೆ. ರೇಷ್ಮೆ ಹುಳ ಸಾಕುವವರು ಊರಿನಲ್ಲಿ ಬೇರೆಯವರೂ ಇದ್ದರು. ಅವರೆಲ್ಲ ಈಗ ತೋಟದಲ್ಲಿ ಬೇರೆ ಮನೆ ಕಟ್ಟಿ ಸಾಕುತ್ತಾರೆ. ಇವಳದು ಹಳೇ ಪದ್ಧತಿ. ಹಜಾರದಲ್ಲೇ ಸ್ಟ್ಯಾಂಡು ನಿಲ್ಲಿಸಿ, ಅದರ ಮೇಲೆ ಬಿದಿರಿನ ತಟ್ಟೆಗಳನ್ನು ಜೋಡಿಸಿ, ಹುಳದ ಜೊತೆಗೇ ಸಂಸಾರ. ಹುಳ ಇರುವಷ್ಟು ದಿನ ಹೊರಗಿನವರಿಗೆ ಹೊಸ್ತಿಲೇ ಗಡಿ. ರೋಗ ತಗುಲುತ್ತದೆ, ದೃಷ್ಟಿ ತಾಕುತ್ತದೆ. ಪಂಚಾಯಿತಿ ಚುನಾವಣೆಗೆ ನಿಂತವರೂ ಅವಳ ಮನೆ ಜಗಲಿಯ ಕೆಳಗೆ ನಿಂತೇ ಕೈಮುಗಿದು ಹೋಗಿದ್ದಾರೆ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನಾನು ಆ ಹಜಾರದೊಳಗೆ ಕಾಲಿಟ್ಟಿರಲಿಲ್ಲ. ನನಗೇನು ಹುಳ ನೋಡುವ ಆಸೆಯೂ ಇರಲಿಲ್ಲ ಅನ್ನಿ.

ಭೂಮಿ ನಡುಗಿದಾಗ ಅವಳ ಗಂಡ ಹಿಪ್ಪುನೇರಳೆ ಸೊಪ್ಪಿನ ತೋಟದಲ್ಲಿದ್ದ, ಮಗಳು ಕಾಲೇಜಿನಲ್ಲಿ, ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಇವಳೊಬ್ಬಳೇ ಹಜಾರದಲ್ಲಿ. ನಾವೆಲ್ಲ ಓಡಿಹೋಗಿ ಹೊರಗೆ ಬಾರೇ ಎಂದು ಕೂಗಿದರೆ, ಇನ್ನೆರಡು ತಟ್ಟೆಗೆ ಸೊಪ್ಪು ಹಾಕಿ ಬರುತ್ತೇನೆ ಎಂದು ಒಳಗಿನಿಂದ ಉತ್ತರ ಬಂತು. ನನಗೆ ಮೈಯೆಲ್ಲ ಉರಿದುಹೋಯಿತು. ಜೀವ ಹೋಗುವ ಹೊತ್ತಿನಲ್ಲಿ ಹುಳಕ್ಕೆ ಊಟ ಬಡಿಸುವವಳನ್ನು ಏನೆನ್ನಬೇಕು? ಗಂಡ ಬಂದು ರಟ್ಟೆ ಹಿಡಿದು ಎಳೆದುಕೊಂಡು ಬಂದ.

ಪಂಚಾಯಿತಿಯಿಂದ ಬಂದ ಇಂಜಿನಿಯರು ಆ ಮನೆಯೊಳಗೆ ಯಾರೂ ಇರಕೂಡದು ಎಂದು ಹೇಳಿಹೋದರು. ಮಾಲೂರಿನಿಂದ ಇವಳ ಅಣ್ಣ ಫೋನ್ ಮಾಡಿದ. ಅಲ್ಲಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರು. ಭಾವನಿಗೆ ಅಲ್ಲೇ ಕೆಲಸ ಕೊಡಿಸುತ್ತೇನೆ, ನಮ್ಮ ಮನೆ ಪಕ್ಕದಲ್ಲೇ ಬಾಡಿಗೆ ಮನೆ ನೋಡಿದ್ದೇನೆ, ಭಾನುವಾರ ಟೆಂಪೋ ತರುತ್ತೇನೆ, ಆ ಮಣ್ಣಿನ ಸಹವಾಸ ಸಾಕು ಎಂದ. ತಂಗಿಯ ಮೇಲಿನ ಪ್ರೀತಿಗೇ ಅವನು ಅಷ್ಟು ಜೋರಾಗಿ ಮಾತಾಡುತ್ತಿದ್ದುದು. ಬೀದಿಯಲ್ಲಿ ನಿಂತಿದ್ದ ನಮಗೆಲ್ಲ ಕೇಳಿಸಿತು. ಇವಳು ಹೇಳಿದ್ದೂ ಕೇಳಿಸಿತು.

“ಹುಳ ಉಳುದ್ರೆ ನಾವೂ ಉಳೀತೀವಿ ಅಣ್ಣಾ. ಹುಳ ಹೋದ್ರೆ ಟೆಂಪೋ ತಗೊಂಡು ಬಾ.”

ಅದೇನು ಹಟದ ಮಾತಲ್ಲ. ಹುಳ ನಾಲ್ಕನೇ ಜ್ವರದಿಂದ ಎದ್ದಿದ್ದವು. ರೇಷ್ಮೆ ಹುಳ ನಾಲ್ಕು ಸಲ ಸೊಪ್ಪು ಬಿಟ್ಟು ಮಲಗಿ ಪೊರೆ ಕಳಚುತ್ತದೆ, ಅದನ್ನೇ ನಮ್ಮಲ್ಲಿ ಜ್ವರ ಅನ್ನುವುದು. ನಾಲ್ಕನೆಯದು ಕಳೆದ ಮೇಲೆ ಒಂದು ವಾರ ಹಗಲೂ ರಾತ್ರಿ ತಿಂದು, ಆಮೇಲೆ ಗೂಡು ಕಟ್ಟುತ್ತವೆ. ಆ ವಾರ ಕೆಟ್ಟರೆ ಬೆಳೆ ಪೂರ್ತಿ ಕೆಟ್ಟಂತೆ. ಹೊಸ ಗೋಡೆಗೆ ಮೊದಲ ಕಲ್ಲು ಇಡಬೇಕಾದರೂ ಅವರ ಕೈಯಲ್ಲಿದ್ದದ್ದು ಆ ಹುಳ ಮಾತ್ರ.

ಮನುಷ್ಯರನ್ನು ಹಂಚಿಕೊಳ್ಳುವುದು ಸುಲಭವಾಯಿತು. ಗಂಡಹೆಂಡತಿಗೆ ಹಾಲಿನ ಡೇರಿಯ ಕೋಣೆ ಖಾಲಿ ಮಾಡಿಕೊಟ್ಟರು. ಮಗಳಿಗೆ ಪರೀಕ್ಷೆ ಹತ್ತಿರವಿತ್ತು, ಅವಳನ್ನು ಮೇಷ್ಟರ ಮನೆಯವರು ಕರೆದುಕೊಂಡು ಹೋದರು. ಅವಳತ್ತೆ ನಮ್ಮ ಮನೆಗೆ ಬಂದರು. ನಮ್ಮತ್ತೆಗೂ ಅವರಿಗೂ ಒಂದೇ ವಯಸ್ಸು, ಇಬ್ಬರೂ ಸೇರಿ ಸೊಸೆಯಂದಿರ ವಿಚಾರ ತೆಗೆದರೆ ನನಗೆ ಮನೆಯಲ್ಲಿ ಜಾಗವೇ ಇರಲಿಲ್ಲ. ಪಾತ್ರೆಪಗಡ, ರಾಗಿ ಮೂಟೆ, ಹಸು, ಎಲ್ಲಕ್ಕೂ ಒಂದೊಂದು ಮನೆ ಸಿಕ್ಕಿತು. ಹುಳ ಮಾತ್ರ ಬಿರುಕು ಬಿಟ್ಟ ಹಜಾರದಲ್ಲೇ ಉಳಿದವು. ಎಲ್ಲರ ಕಣ್ಣು ತಪ್ಪಿಸಿ ಇವಳು ಒಳಗೆ ಹೋಗಿ ಸೊಪ್ಪು ಹಾಕಿ ಬರುತ್ತಿದ್ದಳು. ಮಾರನೇ ದಿನ ಅವಳು ಒಳಗಿದ್ದಾಗಲೇ ಎರಡು ಹೆಂಚು ಬಿದ್ದವು. ಆಗ ನಮ್ಮತ್ತೆ ಬೀದಿಗೆ ಬಂದು ನಿಂತರು.

“ಪುರುಗು ಕೂಡಾ ಬಿಡ್ಡೇ ಕದಮ್ಮಾ,” ಎಂದರು. ಹುಳವೂ ಮಗುವೇ ತಾನೇ ಎಂದು. “ಮನೆಗೆ ಇಷ್ಟಿಷ್ಟು ತಟ್ಟೆ ಅಂತ ಎತ್ಕೊಂಡು ಹೋಗಿ. ಇಲ್ದಿದ್ರೆ ಇವಳು ಇದರೊಳಗೇ ಸಾಯ್ತಾಳೆ.”

ಹುಳ ಸಾಕುವವರು ಕೇಳಿದರೆ ನಗುತ್ತಾರೆ. ಮುಂಜಿ ಮಾಡಿಸಿಕೊಂಡ ವಟುವಿಗಿಂತ ಮಡಿ ಆ ಹುಳಕ್ಕೆ. ಅದನ್ನು ಹತ್ತಾರು ಅಡುಗೆಮನೆಗಳ ಪಕ್ಕಕ್ಕೆ ಹಂಚುವುದೆಂದರೆ! ಹುಳದಮ್ಮ ಬೇಡ ಎನ್ನಲು ಬಾಯಿ ತೆರೆದಳು, ಜಾರಿದ ತೊಲೆಯನ್ನು ನೋಡಿ ಆಗಲಿ ಎಂದಳು. ಬಿಸಿಲಿಳಿದ ಮೇಲೆ ಬೀದಿಯವರು ಸಾಲಾಗಿ ನಿಂತು ತಟ್ಟೆಗಳನ್ನು ಕೈಯಿಂದ ಕೈಗೆ ದಾಟಿಸಿದರು. ನಮ್ಮ ಮನೆಯ ಹಾಲ್‌ನಲ್ಲಿ ಸೋಫಾ ಗೋಡೆಗೆ ಸರಿಸಿ, ಡೈನಿಂಗ್ ಟೇಬಲ್ಲಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿಟ್ಟು, ಇರುವೆ ಹತ್ತದ ಹಾಗೆ ಮಾಡಿ, ಮೇಲೆ ಹುಳ ಇಟ್ಟೆವು. ನೊಣ ಕೂರದಂತೆ ಸೊಳ್ಳೆಪರದೆ ಹೊದಿಸಿದೆವು. ತಾರಸಿ ಮನೆ ಬಿಸಿಲಿಗೆ ಕಾಯುತ್ತದೆಂದು ಕಿಟಕಿಗಳಿಗೆ ಒದ್ದೆ ಗೋಣಿತಾಟು ಕಟ್ಟಿದೆವು. ಆ ಟೇಬಲ್ಲಿಗೆ ಇಎಂಐ ಕಟ್ಟಿದ ನನ್ನ ಗಂಡ ನೆಲದ ಮೇಲೆ ಕೂತು ಉಂಡರು.

ಆಮೇಲೆ ಶುರುವಾಯಿತು ಹುಳದಮ್ಮನ ಶಾಸನ. ಮನೆಮನೆಗೂ ಬಂದು, ಹೊಸ್ತಿಲ ಆಚೆಗೇ ನಿಂತು, ತಲೆ ತಗ್ಗಿಸಿಕೊಂಡು ಹೇಳಿಹೋದಳು. ಊದಿನಕಡ್ಡಿ ಹಚ್ಚಬಾರದು. ಸೊಳ್ಳೆಬತ್ತಿ ಬೇಡ, ಸೆಂಟು ಬೇಡ, ಬೀಡಿ ಬೇಡವೇ ಬೇಡ. ಕೊನೆಗೆ ಬಹಳ ಸಂಕೋಚದಿಂದ, ಒಗ್ಗರಣೆ ಹಾಕಬಾರದಕ್ಕ, ಮೆಣಸಿನಕಾಯಿ ಘಾಟು ಹುಳಕ್ಕೆ ಆಗೋದಿಲ್ಲ ಎಂದಳು. ಒಗ್ಗರಣೆಯಿಲ್ಲದ ಸಾರನ್ನು ನಾನು ಸಾರು ಎಂದು ಒಪ್ಪುವವಳಲ್ಲ. ಆದರೂ ಒಪ್ಪಿದೆ. ಇಡೀ ಬೀದಿ ಒಪ್ಪಿತು. ಸಾಸಿವೆ ಸಿಡಿಯುವ ಸದ್ದಿಲ್ಲದೆ, ಬೆಳ್ಳುಳ್ಳಿಯ ವಾಸನೆಯಿಲ್ಲದೆ, ಸಂಜೆಯಾದದ್ದೇ ಗೊತ್ತಾಗುತ್ತಿರಲಿಲ್ಲ. ಎದುರುಮನೆಯ ಮುದುಕರು ಒಂದೊಂದು ಬೀಡಿಗೂ ಕೆರೆಕಟ್ಟೆಯವರೆಗೆ ನಡೆದು ಹೋಗಿ ಬರುತ್ತಿದ್ದರು. ವಾರದಲ್ಲಿ ಅವರ ಕಾಲುನೋವು ಕಡಿಮೆಯಾಯಿತೆಂದು ಅವರ ಹೆಂಡತಿ ಹೇಳಿದರು.

ಇನ್ನೊಂದು ನಿಯಮವನ್ನು ಅವಳು ನನ್ನ ಕಿವಿಯಲ್ಲಿ ಹೇಳಿದಳು. ಮುಟ್ಟಾದವರು ಹುಳದ ಹತ್ತಿರ ಹೋಗಬಾರದು. ನನಗೆ ರೇಗಿತು. “ಈ ಮನೇಲಿ ನಾನು, ನನ್ನ ಇಬ್ಬರು ಹೆಣ್ಮಕ್ಕಳು. ಅತ್ತೆಯರಿಬ್ರೂ ಹರಟೆ ಬಿಟ್ಟು ಏಳಲ್ಲ. ಅದನ್ನೆಲ್ಲ ನೋಡ್ಕೊಂಡು ಕೂತ್ರೆ ಹುಳಕ್ಕೆ ಸೊಪ್ಪು ಹಾಕೋಕೆ ನನ್ನ ಗಂಡ ಒಬ್ರೇ ಉಳಿಯೋದು. ಅವರಿಗೆ ತಮ್ಮ ತಟ್ಟೆಗೇ ಅನ್ನ ಹಾಕ್ಕೊಳ್ಳೋಕೆ ಬರಲ್ಲ ಕಣೇ,” ಎಂದೆ. ಮನೆ ಬಿದ್ದ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಆಗಲೇ. ಆ ನಿಯಮ ಅಲ್ಲಿಗೇ ಮುಗಿಯಿತು. ಹುಳಗಳೇನೂ ತಕರಾರು ಮಾಡಲಿಲ್ಲ.

ಬೀದಿಯ ಹಿಂದೆಯೇ ಟೊಮೆಟೊ ತೋಟವಿತ್ತು. ತೋಟದವನು ಶ್ರೀನಿವಾಸಪುರದ ಕಡೆಯಿಂದ ಬಂದು ಗುತ್ತಿಗೆಗೆ ಮಾಡುತ್ತಿದ್ದ, ನಮ್ಮ ಊರಿನವನಲ್ಲ. ಗಿಡದ ತುಂಬ ಕಾಯಿ, ಔಷಧಿ ಹೊಡೆಯುವ ವಾರ ಅದು. ಗಾಳಿ ಬೀದಿಯ ಕಡೆಗೇ ಬೀಸುತ್ತಿತ್ತು. ಔಷಧಿಯ ಒಂದು ಎಳೆ ಬಂದರೂ ರೇಷ್ಮೆ ಹುಳ ಉಳಿಯುವುದಿಲ್ಲ. ಇದನ್ನು ಅವನಿಗೆ ಹೇಳುವ ಬಾಯಿ ಯಾರಿಗೂ ಇರಲಿಲ್ಲ, ಅವನ ಹೊಟ್ಟೆಯ ಮೇಲೆ ಹೊಡೆದಂತೆ ಅಲ್ಲವೇ? ನೋಡಿದರೆ ಅವನೇ ಸ್ಪ್ರೇ ಮಾಡುವ ಡ್ರಮ್ಮು ಬೋರಲು ಹಾಕಿ ಬಿಟ್ಟಿದ್ದ. ಕೇಳಿದ್ದಕ್ಕೆ, “ಅಲ್ಲೊಂದು ಹುಳಕ್ಕೆ ಸೊಪ್ಪು ಹಾಕ್ತಾ ಅವ್ರೆ, ಇಲ್ಲಿ ನಾನೊಂದು ಹುಳಕ್ಕೆ ವಿಷ ಹಾಕ್ಲಾ ಅಕ್ಕಾ? ಇವೂ ಒಂದು ವಾರ ತಿಂದ್ಕೊಳ್ಳಲಿ ಬಿಡಿ,” ಎಂದು ನಕ್ಕ. ಅವನ ಕಾಯಿ ಎಷ್ಟೋ ತೂತು ಬಿದ್ದು ಹೋಯಿತು. ಅದನ್ನು ಅವನು ಯಾರ ಮುಂದೆಯೂ ಆಡಿಕೊಳ್ಳಲಿಲ್ಲ. ಸಹಾಯ ಮಾಡಿ ಊರೆಲ್ಲ ಡಂಗುರ ಹೊಡೆಸಿಕೊಳ್ಳುವವರನ್ನು ಆಫೀಸಿನಲ್ಲಿ ದಿನಾ ನೋಡುವ ನನಗೆ ಈ ಮನುಷ್ಯ ಬಹಳ ದೊಡ್ಡವನಾಗಿ ಕಂಡ.

ಹುಳದಮ್ಮನ ಗಂಡ ತೋಟದಿಂದ ಸೊಪ್ಪು ಕೊಯ್ದು, ಮೊಪೆಡ್ಡಿನಲ್ಲಿ ಹೇರಿಕೊಂಡು ಬಂದು, ಹಾಲು ಹಾಕುವವನ ಹಾಗೆ ಮನೆಮನೆಗೆ ಇಳಿಸಿ ಹೋಗುತ್ತಿದ್ದ. ನಾನು ಬೆಳಿಗ್ಗೆ ಸೊಪ್ಪು ಹಾಕಿ ಕೋಲಾರದ ಬಸ್ಸು ಹತ್ತಿದರೆ, ಹುಳ ಹೇಗಿವೆಯೋ ಎಂದು ಮಧ್ಯಾಹ್ನ ಮನೆಗೆ ಫೋನ್ ಮಾಡುತ್ತಿದ್ದೆ. ಮಕ್ಕಳು ಚಿಕ್ಕವರಿದ್ದಾಗಲೂ ಹಾಗೆ ಮಾಡಿದವಳಲ್ಲ.

ಎಲ್ಲ ಸುಸೂತ್ರವಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ದೇವಸ್ಥಾನದ ಪಕ್ಕದ ಮನೆಯಲ್ಲಿದ್ದ ಹುಳ ಊದಿಕೊಂಡು, ಹಾಲಿನಂಥ ನೀರು ಸುರಿಸಿ ಸತ್ತವು. ಹಾಲುತೊಂಡೆ ರೋಗ. ಆ ಮನೆಯ ಹೆಂಗಸು ಬಾಗಿಲು ಹಾಕಿಕೊಂಡು ಅತ್ತಳು. ತನ್ನ ಕೈಯಲ್ಲೇ ಹೀಗಾಯಿತಲ್ಲ ಎಂದು ಊಟ ಬಿಟ್ಟಳು. ಹುಳದಮ್ಮ ಹೋಗಿ ಸತ್ತ ಹುಳಗಳನ್ನು ಸುಣ್ಣ ಹಾಕಿ ಹೂತು, ಕೈ ತೊಳೆದುಕೊಂಡು ಬಂದು, ನನ್ನ ಕೈಯಲ್ಲೂ ಎಷ್ಟೋ ಸಲ ಹೋಗಿವೆ ಎಂದು ಸಮಾಧಾನ ಹೇಳಿ ಅವಳಿಗೆ ಊಟ ಮಾಡಿಸಿದಳು. ಮನೆ ಕಳೆದುಕೊಂಡವಳು ಮನೆಯಿದ್ದವಳನ್ನು ಸಂತೈಸುತ್ತಿದ್ದಳು. ಆದರೆ ರೋಗ ಉಳಿದ ಮನೆಗಳಿಗೂ ಹಬ್ಬಿದರೆ ಎಂಬ ಭಯ ಎಲ್ಲರಿಗೂ ಇತ್ತು. ಅವಳ ಅಣ್ಣನಿಗೆ ಸುದ್ದಿ ಹೇಗೆ ತಲುಪಿತೋ, ಭಾನುವಾರ ಖಂಡಿತ ಟೆಂಪೋ ತರುತ್ತೇನೆ ಎಂದು ಮತ್ತೆ ಫೋನ್ ಮಾಡಿದ. ಅವಳು ಬೇಡ ಎನ್ನಲಿಲ್ಲ.

ಭಾನುವಾರ ಬೆಳಿಗ್ಗೆ ನಮ್ಮ ಹಾಲ್ ನಿಶ್ಶಬ್ದವಾಗಿತ್ತು. ವಾರವಿಡೀ ಕೇಳುತ್ತಿದ್ದ ಸೊಪ್ಪು ತಿನ್ನುವ ಸರಸರ ಸದ್ದು ನಿಂತಿತ್ತು. ಎಲ್ಲ ಸತ್ತವೇನೋ ಎಂದು ಓಡಿದೆ. ಪರದೆ ತೆಗೆದು ನೋಡಿದರೆ ಹುಳಗಳ ಬಿಳಿ ಬಣ್ಣ ಹೋಗಿ ಮೈ ಜೇನಿನ ಹಾಗೆ ತಿಳಿಯಾಗಿತ್ತು. ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಅವಳನ್ನು ಕೂಗಿದೆ. ಅವಳು ಹೊಸ್ತಿಲು ದಾಟಿ ಒಳಗೇ ನುಗ್ಗಿ ಬಂದಳು. ಒಂದು ಹುಳವನ್ನು ಬೆಳಕಿಗೆ ಹಿಡಿದು ನೋಡಿ, “ಹಣ್ಣಾಗವೆ ಅಕ್ಕಾ,” ಎಂದಳು. ಗೂಡು ಕಟ್ಟಲು ಸಿದ್ಧವಾದ ಹುಳವನ್ನು ಹಣ್ಣಾಯಿತು ಅನ್ನುವುದು. ಅಷ್ಟರಲ್ಲಿ ಮೇಷ್ಟರ ಮನೆಯಿಂದ ಕೂಗು, ಡೇರಿಯ ಎದುರಿನ ಮನೆಯಿಂದ ಕೂಗು. ಬೀದಿಯಲ್ಲೆಲ್ಲ ಹುಳ ಒಟ್ಟಿಗೇ ಹಣ್ಣಾಗಿದ್ದವು. ಆಗ ಅವುಗಳನ್ನು ಬೇಗ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆಯೆಂದರೆ ಬಿದಿರಿನ ಚಾಪೆಯ ಮೇಲೆ ಸುತ್ತುಸುತ್ತಾಗಿ ದಬ್ಬೆ ಹೆಣೆದದ್ದು, ಆ ಸುತ್ತುಗಳ ನಡುವೆ ಹುಳ ಗೂಡು ಕಟ್ಟುತ್ತದೆ. ತಡಮಾಡಿದರೆ ನೂಲು ದಂಡ. ಅವಳ ಚಂದ್ರಿಕೆಗಳೆಲ್ಲ ಹಿಂದಿನ ಗೋಡೆಯ ಕೆಳಗೆ ನುಚ್ಚುನೂರಾಗಿದ್ದವು. ಪಕ್ಕದ ಹುತ್ತೂರಿನಲ್ಲಿ ಪರಿಚಯದವರೊಬ್ಬರು ಕೊಡುತ್ತೇವೆ ಎಂದಿದ್ದರು. ತರುವುದು ಹೇಗೆ ಎಂದು ನಾವು ಮುಖಮುಖ ನೋಡಿಕೊಳ್ಳುತ್ತಿರುವಾಗ ಬೀದಿಗೆ ಟೆಂಪೋ ಬಂದು ನಿಂತಿತು.

ಅಣ್ಣ ಇಳಿದ. ಇಸ್ತ್ರಿ ಅಂಗಿ, ಕೈಯಲ್ಲಿ ಸಾಮಾನು ಕಟ್ಟಲು ಹಗ್ಗದ ಸುರುಳಿ. ಅವಳು ಅವನಿಗೆ ಬಾ ಎಂದೂ ಹೇಳಲಿಲ್ಲ.

“ಗಾಡಿ ತಿರುಗ್ಸು ಅಣ್ಣಾ. ಹುತ್ತೂರಿಂದ ಚಂದ್ರಿಕೆ ತರ್ಬೇಕು, ಬಿಸಿಲು ಏರೋದ್ರೊಳಗೆ.”

“ಮತ್ತೆ ನಿಮ್ಮ ಸಾಮಾನು?”

ಅವಳು ಬೀದಿಯ ಆ ತುದಿಯಿಂದ ಈ ತುದಿಗೆ ಒಮ್ಮೆ ನೋಡಿದಳು. “ಪಾತ್ರೆ ಅವರ ಮನೇಲವೆ, ರಾಗಿ ಇವರ ಮನೇಲದೆ. ನಮ್ಮತ್ತೆ ಇಲ್ಲವ್ರೆ, ಮಗಳು ಅಲ್ಲವ್ಳೆ. ಎಲ್ಲೆಲ್ಲಿಂದ ಅಂತ ಎತ್ಕೊಂಡು ಬರ್ಲಿ ನಾನು?”

ಅಣ್ಣ ಹಗ್ಗವನ್ನು ಗಾಡಿಯೊಳಗೆ ಎಸೆದು, ತಾನೂ ಹತ್ತಿ, ಹುತ್ತೂರಿನ ಕಡೆಗೆ ತಿರುಗಿಸು ಎಂದು ಡ್ರೈವರಿಗೆ ಹೇಳಿದ.

ನಾವು ಹುಳ ಆರಿಸಲು ಕುಳಿತೆವು. ಅವಳು ನನ್ನ ಪಕ್ಕದಲ್ಲೇ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಬೆರಳು ಚಕಚಕನೆ ಓಡುತ್ತಿದ್ದವು, ಮುಖ ಮಾತ್ರ ಗೋಡೆಯ ಕಡೆಗಿತ್ತು. ಯಾಕೆಂದು ಬಗ್ಗಿ ನೋಡಿದೆ. ಅಳುತ್ತಿದ್ದಳು. ಗೋಡೆ ಬಿದ್ದ ದಿನ ಅಳದವಳು, ಹುಳ ಸತ್ತಾಗ ಅಳದವಳು. ಹುಳದ ಮೇಲೆ ನೀರು ಬೀಳಬಾರದೆಂದು ಕತ್ತು ತಿರುಗಿಸಿಕೊಂಡು ಅಳುತ್ತಿದ್ದಳು. ಎದುರಿಗೆ ಯಾರಾದರೂ ಅತ್ತರೆ ನನಗೆ ಬರುವುದು ಗದರುವ ಮಾತೇ.

“ಇಲ್ಲಿ ಕೊಡೇ ಆ ತಟ್ಟೇನ,” ಎಂದೆ. “ಹಿತ್ಲಿಗೆ ಹೋಗಿ ಸರಿಯಾಗಿ ಅತ್ತು ಬಾ. ಅಲ್ಲೀವರೆಗೂ ನಾನು ಆರಿಸ್ತಿರ್ತೀನಿ.”

ಅವಳು ತಟ್ಟೆಯನ್ನು ನನ್ನ ಮಡಿಲಲ್ಲಿಟ್ಟು ಎದ್ದು ಹೋದಳು.