ಬೀಗರ ಮನೆತನದ ಹೆಸರು

ಹೋದ ವರ್ಷ ನಮ್ಮ ಮಗಳು ಮೇಘನಾಳ ಮದುವೆ ಗೊತ್ತಾಯಿತು. ಹುಡುಗ ಡೇನಿಯಲ್ ಲೀ, ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಹುಟ್ಟಿ ಬೆಳೆದ ಚೀನೀ ಮನೆತನದವನು, ಪಾಲೋ ಆಲ್ಟೋದಲ್ಲಿ ಅವಳ ಆಫೀಸಿನವನೇ. ಹುಡುಗನ ಬಗ್ಗೆ ನನ್ನದೇನೂ ತಕರಾರಿರಲಿಲ್ಲ. ನನ್ನ ತಲೆ ಕೆಡಿಸಿದ್ದು ಅವನ ಮನೆತನದ ಹೆಸರು.

ಫ್ರೀಮಾಂಟಿನ ನಮ್ಮ ಪುರೋಹಿತರು ಧಾರವಾಡ ಕಡೆಯವರು. ಮುಹೂರ್ತ ಇಟ್ಟುಕೊಟ್ಟ ಕೂಡಲೇ ಫೋನಿನಲ್ಲಿ ವಿಚಾರಣೆ ಶುರು ಮಾಡಿದರು.

"ವರನ ಗೋತ್ರ ಏನ್ರಿ ರಾಯರ?"

"ಅವರು ಚೀನೀಯರು, ಸ್ವಾಮಿ."

"ಹಂಗಾದ್ರ ಕಾಶ್ಯಪ ಗೋತ್ರ ಹೇಳೋಣ, ಗೋತ್ರ ತಿಳೀದವರಿಗೆ ಅದ. ಆದ್ರ ಹೆಸರು ಹಂಗ ಬಿಡಾಂಗಿಲ್ಲ. ಕನ್ಯಾದಾನದಾಗ ವರನ ಮುತ್ತಜ್ಜ, ಅಜ್ಜ, ಅಪ್ಪ, ಮೂರೂ ಹೆಸರು ಮೂರು ಸಲ ಹೇಳಬೇಕು. ಮನೆತನದ ಹೆಸರಿನ ಉಚ್ಚಾರ, ಅರ್ಥ, ಮೂಲ ಎಲ್ಲಾ ಬರದು ಕಳಸ್ರಿ."

ಅರ್ಥ, ಮೂಲ ಯಾಕೆಂದು ಕೇಳಿದೆ. "ಯಾರ ಹೆಸರು ಹೇಳ್ಲಿಕ್ಕತ್ತೀನಿ ಅಂತ ನನಗ ಗೊತ್ತಿರಬ್ಯಾಡೇನ್ರಿ?" ಎಂದು ಗದರಿದರು. ಹಾಲ್ ಬುಕಿಂಗು, ಅಡುಗೆಯವರು, ಊರಿನಿಂದ ಬರುವವರ ವೀಸಾ, ಇಷ್ಟೆಲ್ಲದರ ನಡುವೆ ಹೀಗೆ ನಾನು ಚೀನೀ ವಂಶಾವಳಿಯ ವಿದ್ಯಾರ್ಥಿಯಾದೆ.

ನನ್ನ ಆಫೀಸಿನಲ್ಲಿ ಚೀನೀ ಸಹೋದ್ಯೋಗಿಗಳು ಮೂವರಿದ್ದರು. ಮೂವರೂ 'ಲೀ' ಎಂಬುದನ್ನು ಮೂರು ರೀತಿ ಹೇಳಿ, ಮಿಕ್ಕಿಬ್ಬರದು ತಪ್ಪು ಎಂದರು. ಕೊನೆಗೆ ಬೀಜಿಂಗಿನವನ ಪಾಠ ಹಿಡಿದೆ: ಸ್ವರ ಮೊದಲು ಕೆಳಗಿಳಿದು ಆಮೇಲೆ ಮೇಲೇಳಬೇಕು. ದಿನಾ ಫ್ರೀವೇಯಲ್ಲಿ ಕಾರು ನಿಂತಷ್ಟು ಹೊತ್ತೂ ಅಭ್ಯಾಸ. ಮನೆಯಲ್ಲೂ ಮುಂದುವರಿಸಿದಾಗ ನನ್ನ ಹೆಂಡತಿ, "ಏನ್ರೀ, ಹಲ್ಲು ನೋವಾ?" ಎಂದಳು.

ಅರ್ಥವೂ ಸಿಕ್ಕಿತು: ಪ್ಲಮ್ ಹಣ್ಣಿನ ಮರ. ಮೂಲವಂತೂ ಪುರಾಣವೇ. ದುಷ್ಟ ರಾಜನೊಬ್ಬನಿಗೆ ಹೆದರಿ ಓಡಿದ ತಾಯಿ-ಮಗು ಕಾಡಿನಲ್ಲಿ ಆ ಹಣ್ಣು ತಿಂದು ಜೀವ ಉಳಿಸಿಕೊಂಡರು, ಆ ಋಣಕ್ಕೆ ಮರದ ಹೆಸರನ್ನೇ ವಂಶಕ್ಕೆ ಇಟ್ಟುಕೊಂಡರು ಎಂಬ ಕಥೆ. ನಾನು ಪ್ರಸನ್ನನಾದೆ. ಮೇಘನಾ ಮಾತ್ರ, "ಅಪ್ಪಾ, ಇಟ್ಸ್ ಜಸ್ಟ್ ಲೀ! ಪ್ಲೀಸ್, ಅಲ್ಲಿ ಬಂದು ಲೆಕ್ಚರ್ ಕೊಡಬೇಡ," ಎಂದು ಎಚ್ಚರಿಸಿದ್ದಳು.

ಕೊಡದೆ ಇರುತ್ತೇನೆಯೇ? ಹಣ್ಣು, ಹೂವು, ರೇಷ್ಮೆ ಸೀರೆಯ ತಟ್ಟೆ ಹಿಡಿದು ಬೀಗರ ಮನೆಗೆ ಹೋದ ದಿನ, ಚಹಾ ಕುಡಿದವನೇ ಎದ್ದು ನಿಂತು, ಮಂತ್ರದಲ್ಲಿ ಹೇಳಲು ಮೂರು ತಲೆಮಾರಿನ ಹೆಸರು ಬೇಕೆಂದು ಕೇಳಿ, ಲೀ ವಂಶದ ಮಹಿಮೆಯನ್ನು ತಾಯಿ, ಮಗು, ಹಣ್ಣಿನ ಸಮೇತ ವರ್ಣಿಸಿದೆ. ಡೇನಿಯಲನ ಅಪ್ಪ ಹೆನ್ರಿ ನೆಲ ನೋಡುತ್ತಿದ್ದರು. ತೊಂಬತ್ತರ ಹತ್ತಿರದ ಅಜ್ಜಿಗೆ ಡೇನಿಯಲ್ ಅನುವಾದಿಸುತ್ತಿದ್ದ. ಅಜ್ಜಿ ಪೂರ್ತಿ ಕೇಳಿ ಏನೋ ಹೇಳಿದರು. ಹುಡುಗ ನಗು ತಡೆದುಕೊಂಡ.

"ಏನಂದ್ರು?" ಎಂದೆ.

"ಕಥೆ ಚೆನ್ನಾಗಿದೆ ಅಂತಾರೆ, ಅಂಕಲ್. ಆದ್ರೆ ಅದು ಬೇರೆಯವರ ಮನೆ ಕಥೆಯಂತೆ."

ಆಮೇಲೆ ತಿಳಿಯಿತು. ಚೀನೀಯರು ಈ ದೇಶಕ್ಕೆ ಬರಬಾರದೆಂದು ಕಾನೂನಿದ್ದ ಕಾಲದಲ್ಲಿ ಡೇನಿಯಲನ ಮುತ್ತಜ್ಜ, ಇಲ್ಲಿ ಆಗಲೇ ನೆಲೆಸಿದ್ದ ಒಬ್ಬ ಲೀಯ ಮಗನೆಂದು ಸುಳ್ಳು ಕಾಗದ ಕೊಂಡು ಹಡಗು ಹತ್ತಿದ್ದರು. ಹಾಗೆ ಬಂದವರು ಎಷ್ಟೋ ಜನ. ಅಸಲಿ ಹೆಸರು ಚಾನ್. ಮನೆಯ ಬಾಗಿಲೊಳಗೆ ಚಾನ್, ಹೊರಗೆ ಲೀ. ಮುತ್ತಜ್ಜನ ಸಮಾಧಿ ಕಲ್ಲಿನ ಫೋಟೋ ತೋರಿಸಿದರು: ಇಂಗ್ಲಿಷಿನಲ್ಲಿ ಲೀ, ಚೀನೀ ಅಕ್ಷರದಲ್ಲಿ ಚಾನ್. ಅಧಿಕಾರಿಗಳಿಗೆ ಚೀನೀ ಓದಲು ಬರುತ್ತಿರಲಿಲ್ಲವಲ್ಲ.

ಎರಡು ವಾರದ ನನ್ನ ವಿದ್ಯಾಭ್ಯಾಸ ಚಹಾದಷ್ಟೇ ಬೇಗ ತಣ್ಣಗಾಯಿತು.

ಅಜ್ಜಿಯದು ಒಂದೇ ಹಟ, ಮದುವೆಯಲ್ಲಿ ತಮ್ಮ ಮಾವನವರ, ಅಂದರೆ ಆ ಮುತ್ತಜ್ಜನ, ನಿಜವಾದ ಹೆಸರು ಹೇಳಿಸಬೇಕು. "ಈ ಮನೆಗೆ ಎಷ್ಟೋ ಜನ ಬಂದಿದ್ದಾರೆ. ಅವರ ಹೆಸರು ಕೇಳಿದವರು ಇವರೇ ಮೊದಲು," ಎಂದು ನನ್ನ ಕಡೆ ಕೈ ತೋರಿಸಿದರು. ಕೇಳಿದ್ದು ಪುರೋಹಿತರು, ನಾನು ಬೈದುಕೊಂಡು ಓಡಾಡಿದವನು ಎಂದು ಹೇಳಲು ಬಾಯಿ ಬರಲಿಲ್ಲ. ಹೆನ್ರಿ ಒಪ್ಪಲಿಲ್ಲ. ಈಗಿನ ಕಾಲ ಸರಿಯಿಲ್ಲ, ಯಾರಾದರೂ ವಿಡಿಯೋ ಮಾಡಿ ಹಾಕಿದರೆ, ಹಳೆಯ ಕಾಗದ ಕೆದಕಿದರೆ ಎಂದರು. "ಲೀ ಅಂತಲೇ ಬರೆದುಕೊಡಿ" ಎಂದು ನನಗೆ ಅಪ್ಪಣೆಯಾಯಿತು. ಬೀಗರ ಮಾತು ಮೀರುವಂತಿಲ್ಲ, ಅಜ್ಜಿಯ ಮುಖ ಮರೆಯುವಂತಿಲ್ಲ. ಬೇಜಾರಿನಿಂದಲೇ ಲೀ ಎಂದು ಬರೆದು ಕಳಿಸಿದೆ. ಆದರೂ ಚಾನ್ ಬಗ್ಗೆ ಓದದೆ ಇರಲಾಗಲಿಲ್ಲ. ಅದು ಒಂದು ಪುರಾತನ ರಾಜ್ಯದ ಹೆಸರಂತೆ. ರಾಜ್ಯ ಬಿದ್ದುಹೋದ ಮೇಲೆ ಜನ ಅದರ ಹೆಸರನ್ನೇ ತಮ್ಮದಾಗಿಸಿಕೊಂಡರಂತೆ. ಬೀಜಿಂಗಿನವರು ಚೆನ್ ಎನ್ನುತ್ತಾರೆ, ಕ್ಯಾಂಟನ್ ಕಡೆಯವರು ಚಾನ್, ಅಕ್ಷರ ಒಂದೇ.

ಮದುವೆಯ ದಿನ ಮಂಟಪದಲ್ಲಿ, ಕನ್ಯಾದಾನದ ಹೊತ್ತಿಗೆ ಪುರೋಹಿತರು ನನ್ನ ಚೀಟಿಯನ್ನು ಮಡಚಿ ಪಕ್ಕಕ್ಕಿಟ್ಟರು.

"ಇದು ನಡಿಯಾಂಗಿಲ್ಲ ರಾಯರ. ವರನ ಕಡೆ ಹೆಸರು ವರನ ತಂದಿ ಬಾಯಿಂದನ ಬರಬೇಕು. ಕೇಳ್ರಿ ಅವರನ್ನ."

ಎರಡು ವಾರ ಬರೆಸಿ ಈಗ ಚೀಟಿ ಬೇಡವಂತೆ! ಹಲ್ಲು ಕಚ್ಚಿಕೊಂಡು ಹೆನ್ರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಮುಂದಿನ ಸಾಲಿನಲ್ಲಿ ಎತ್ತಿ ಹಿಡಿದಿದ್ದ ಫೋನುಗಳನ್ನು ನೋಡಿದರು. ತಾಯಿಯ ಕಡೆ ನೋಡಲಿಲ್ಲ. ಮಂಗಳವಾದ್ಯದವರೂ ಯಾಕೋ ನಿಲ್ಲಿಸಿದರು. ಆಮೇಲೆ ಮೆಲ್ಲಗೆ, "ಚಾನ್ ವಿಂಗ್ ಫೂಕ್," ಎಂದರು.

ಹಿಂದಿನಿಂದ ಅಜ್ಜಿಯ ದನಿ ಚಾಟಿಯಂತೆ ಬಂತು. ಮಗನ ಸ್ವರ ತಪ್ಪಾಗಿತ್ತಂತೆ! ಚಾನ್ ಎಂಬುದು ಕೆಳಗಿನಿಂದ ಇನ್ನೂ ಕೆಳಕ್ಕೆ ಇಳಿಯಬೇಕು. ಅಜ್ಜಿ ಹೇಳಿ ತೋರಿಸಿದರು. ಎಪ್ಪತ್ತು ದಾಟಿದ ಹೆನ್ರಿ ಮತ್ತೆ ಹೇಳಿದರು, ಮತ್ತೆ ತಪ್ಪಿದರು. ನಾನು ಹೇಳಿದೆ, ಡೇನಿಯಲ್ ಹೇಳಿದ, ಎಲ್ಲ ತಪ್ಪು. ಮುಹೂರ್ತ ಮೀರುತ್ತಿತ್ತು.

ಪುರೋಹಿತರು ಕಿವಿಗೊಟ್ಟು ಕೇಳುತ್ತಿದ್ದವರು, "ಅನುದಾತ್ತ ಅದ, ವೇದದಾಗಿನ ಕೆಳಗಿನ ಸ್ವರ, ಅಷ್ಟ ಹೌದಲ್ರಿ?" ಎಂದು ಗಂಟಲು ಸರಿ ಮಾಡಿಕೊಂಡು, "ಚಾನ್ ವಿಂಗ್ ಫೂಕ್ ನಾಮ್ನಃ ಪ್ರಪೌತ್ರಾಯ" ಎಂದು ಹಾಲಿನ ಕೊನೆಯ ಕುರ್ಚಿಗೂ ಮುಟ್ಟುವಂತೆ ಹೇಳಿದರು. ಅಜ್ಜಿ ತಲೆಯಾಡಿಸಿದರು. ಶಾಸ್ತ್ರದಂತೆ ಮೂರು ಸಲ ಆಯಿತು. ನನ್ನ ಜೀವಮಾನದಲ್ಲಿ ಮಂತ್ರವನ್ನು ಅಷ್ಟು ಗಮನವಿಟ್ಟು ಕೇಳಿದ್ದು ಅದೊಂದೇ ಸಲ.

ಊಟಕ್ಕೆ ಎಲ್ಲರೂ ಎದ್ದರೂ ಅಜ್ಜಿ ಕೂತೇ ಇದ್ದರು, ದೃಷ್ಟಿ ಹಾಲಿನ ಬಾಗಿಲಿನ ಮೇಲೆ. ಯಾಕೆಂದು ಡೇನಿಯಲನನ್ನು ಕೇಳಿದೆ.

"ಹೊರಗಡೆ ಆ ಹೆಸರು ಹೇಳಿದ್ರೆ ಅವತ್ತೇ ಹಿಡ್ಕೊಂಡು ಹೋಗ್ತಾರೆ ಅಂತ ಮುತ್ತಜ್ಜ ಹೇಳಿದ್ರಂತೆ, ಅಂಕಲ್. ಯಾರಾದ್ರೂ ಬರ್ತಾರಾ ಅಂತ ನೋಡ್ತಿದ್ದಾರೆ."

ಅದುವರೆಗಿನ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯದು. ಕುರ್ಚಿ ಎಳೆದುಕೊಂಡು ನಾನೂ ಅವರ ಪಕ್ಕ ಬಾಗಿಲ ಕಡೆ ಮುಖ ಮಾಡಿ ಕೂತೆ. ಬಹಳ ಹೊತ್ತು ಕಾದೆವು. ಬಂದದ್ದು ಹೋಳಿಗೆ ಹಿಡಿದ ಅಡುಗೆಯವರು ಮಾತ್ರ. ಅಜ್ಜಿ ಎರಡು ಹಾಕಿಸಿಕೊಂಡರು.