ಅಮಾವಾಸ್ಯೆ ಕಳೆಯಲಿ ಎಂದು ಕಾದ ಅರ್ಜಿ

ಕ್ರೇಗಿಬರ್ನ್‌ನಲ್ಲಿ ನಾನು ವಕೀಲಿಕೆಯ ಬೋರ್ಡು ಹಾಕಿದಾಗ ಮೆಲ್ಬರ್ನ್ ನಮ್ಮ ಅಂಗಡಿ ಸಾಲಿಗೇ ಮುಗಿಯುತ್ತಿತ್ತು. ಅದರಾಚೆ ಬರೀ ಹುಲ್ಲು, ಗಾಳಿ. ಬೇಲಿ ಜಗಳ, ರೆಂಟ್ ಜಗಳ, ವೀಸಾ, ಎಲ್ಲಕ್ಕೂ ನಮ್ಮವರು ನನ್ನ ಹತ್ತಿರವೇ ಬರುತ್ತಿದ್ದರು. ಅವರೇ ಓಟು ಹಾಕಿ ನನ್ನನ್ನು ಕೌನ್ಸಿಲರ್ ಕೂಡ ಮಾಡಿದರು. ಇಲ್ಲಿ ಕೌನ್ಸಿಲರ್ ಎಂದರೆ ಕಸದ ಡಬ್ಬಿ, ಪಾರ್ಕು, ಸಾಕುನಾಯಿಯ ನೋಂದಣಿ. ಇಷ್ಟೇ ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ನನಗೂ ಒಳಗೊಳಗೆ ಖುಷಿಯೇ, ಸುಳ್ಳೇಕೆ ಹೇಳಲಿ.

ಆ ಹುಡುಗಿ ದಾವಣಗೆರೆಯವಳು. ಇಲ್ಲೇ ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಓದಿ, ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ನರ್ಸ್ ಆಗಿದ್ದಳು. ಇಲ್ಲೇ ಕಾಯಂ ಆಗಿ ನೆಲೆಸಲು ಹಾಕಿದ್ದ ಪಿಆರ್ ಅರ್ಜಿ ತಿರಸ್ಕಾರವಾಯಿತೆಂದು ಫೋನ್ ಮಾಡಿದಳು. ಗಡುವಿನೊಳಗೆ ಮೇಲ್ಮನವಿ ಹಾಕದಿದ್ದರೆ ದೇಶ ಬಿಡಬೇಕು. ನಾನು ಅಂದೇ ಕಾಗದ ಸಿದ್ಧಮಾಡಿದೆ.

“ಸರ್, ನಾಡಿದ್ದು ಅಮಾವಾಸ್ಯೆ. ಅದು ಕಳೀಲಿ, ಮಾರನೇ ದಿನ ಸೈನ್ ಮಾಡ್ತೀನಿ. ಇಲ್ಲಾಂದ್ರೆ ಅಮ್ಮ ಬೈತಾರೆ,” ಎಂದಳು.

ತಿರಸ್ಕಾರದ ಪತ್ರ ಯಾವತ್ತು ಬಂತೆಂದು ಕೇಳಿದೆ. ಅವಳು ಹೇಳಿದ ತಾರೀಖಿನಿಂದ ಎಣಿಸಿದರೆ ಅಮಾವಾಸ್ಯೆಯ ಮರುದಿನವೇ ಕೊನೆಯ ದಿನ. ಊರಿನ ಕೋರ್ಟಿನಲ್ಲಿ ನನ್ನ ಸೀನಿಯರ್ ರಾಹುಕಾಲದಲ್ಲಿ ಫೈಲು ಮುಟ್ಟುತ್ತಿರಲಿಲ್ಲ. ಆಗಲಿ ಎಂದೆ.

ಅಮಾವಾಸ್ಯೆ ಕಳೆದ ಮಾರನೇ ದಿನ ಅವಳು ಸೈನ್ ಮಾಡಿದಳು, ನಾನು ಮೇಲ್ಮನವಿ ಹಾಕಿದೆ. ಆಮೇಲೆ ಗೊತ್ತಾಯಿತು, ಅವಳು ಹೇಳಿದ್ದು ತಿರಸ್ಕಾರದ ಈಮೇಲ್ ಓದಿದ ದಿನ. ಅದು ಬಂದದ್ದು ಅದರ ಹಿಂದಿನ ದಿನ, ಡ್ಯೂಟಿಯಲ್ಲಿದ್ದವಳು ನೋಡಿರಲಿಲ್ಲ. ಇಲ್ಲಿ ದಿನ ಎಣಿಸುವುದು ವೀಸಾ ಇಲಾಖೆಯವರು ಕಳಿಸಿದಾಗಿನಿಂದ. ನಮ್ಮ ಪಾಲಿಗೆ ಅಮಾವಾಸ್ಯೆಯೇ ಕೊನೆಯ ದಿನವಾಗಿತ್ತು. ಆ ಈಮೇಲನ್ನು ನನಗೆ ಕಳಿಸಮ್ಮ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಒಂದು ದಿನ ತಡವಾದರೂ ಮನ್ನಿಸುವ ಅಧಿಕಾರ ತಮಗಿಲ್ಲವೆಂದು ಮೇಲ್ಮನವಿ ಕೇಳುವ ಟ್ರಿಬ್ಯುನಲ್‌ನಿಂದ ಉತ್ತರ ಬಂತು. ಕಾಲು ಹಿಡಿಯೋಣವೆಂದರೆ ಎದುರಿಗೆ ಮನುಷ್ಯರೇ ಇಲ್ಲ, ಬರೀ ವೆಬ್‌ಸೈಟು.

ಸಿಡ್ನಿಗೆ ನಾನೇ ಹೋಗಿ, ತಪ್ಪು ನನ್ನದು ಎಂದೆ. ಅವಳು ಅಳಲಿಲ್ಲ.

“ಅಮಾವಾಸ್ಯೆ ಅಂದಿದ್ದು ನಾನಲ್ವಾ ಸರ್? ಅಪ್ಪನಿಗೆ ಮಾತ್ರ ನೀವೇ ಹೇಳ್ಬಿಡಿ. ನನ್ ಕೈಲಾಗಲ್ಲ.” ಊರಿಗೆ ಫೋನ್ ಮಾಡಿ ನನ್ನ ಕೈಗಿತ್ತಳು.

ಅವಳ ಅಪ್ಪ ನನಗೆ ಬಾಯಿ ತೆರೆಯಲು ಬಿಡಲಿಲ್ಲ. “ನಮಸ್ಕಾರ ಸಾಹೇಬ್ರೇ. ನೀವು ಅಷ್ಟು ದೊಡ್ಡೋರು ಇದ್ದ ಮ್ಯಾಲೆ ನಮಗೇನ್ ಚಿಂತಿ ಬಿಡ್ರಿ.”

ಅವಳು ಯೂನಿಫಾರ್ಮಿನಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದಳು. ಮಾತಾಡಿಯೇ ಹೊಟ್ಟೆ ಹೊರೆದವನು ನಾನು. ಅಲ್ಲಿ ಬಿಸಿಲು ಹೇಗಿದೆ ಎಂದು ಕೇಳಿದೆ. ಜಾಸ್ತಿ ಎಂದರು. ಫೋನನ್ನು ಅವಳಿಗೆ ವಾಪಸ್ ಕೊಟ್ಟೆ.